ಹಳೆಯ ಹೆಡ್‌ಫೋನಿನಲ್ಲಿ ಕೆಡುವುದು ಯಾವುದು, ಉಳಿಯುವುದು ಯಾವುದು

ಗುಜರಿ ರಾಶಿಯಲ್ಲಿ ಸಿಗುವ ಹಳೆಯ ಹೆಡ್‌ಫೋನನ್ನು ಕೈಗೆತ್ತಿಕೊಳ್ಳಲು ಯಾರಿಗೂ ಮನಸ್ಸಾಗುವುದಿಲ್ಲ. ಸ್ಪಂಜು ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ರೆಕ್ಸಿನ್ ಕಪ್ಪು ಚೂರುಗಳಾಗಿ ಉದುರುತ್ತದೆ. ವೈರು ಎಲ್ಲಿ ಬಗ್ಗಿಸಿದರೆ ಮುರಿಯುತ್ತದೋ ಅನ್ನುವಷ್ಟು ಸೆಟೆದಿರುತ್ತದೆ. ಪ್ಲಗ್ ಚುಚ್ಚಿದರೆ ಒಂದೇ ಕಿವಿಯಲ್ಲಿ ಶಬ್ದ, ಅದೂ ಗೊರಗೊರ. ಮಾರುವವನೇ "ಅದು ಹೋಗಿದೆ ಬಿಡಿ ಸಾರ್" ಅನ್ನುತ್ತಾನೆ.

ಹೋಗಿರುವುದು ಏನು ಅಂತ ಬಿಚ್ಚಿ ನೋಡಿದರೆ ಕಥೆ ಬೇರೆ. ಶಬ್ದ ಹುಟ್ಟಿಸುವ ಭಾಗಕ್ಕೆ ಡ್ರೈವರ್ ಅನ್ನುತ್ತಾರೆ. ಬಹಳಷ್ಟು ಸಲ ಅದು ಸರಿಯಾಗೇ ಇರುತ್ತದೆ. ಅದರಲ್ಲಿರುವುದು ಒಂದು ಮ್ಯಾಗ್ನೆಟ್, ಒಂದು ತಾಮ್ರದ ಸುರುಳಿ, ಒಂದು ತೆಳು ಪ್ಲಾಸ್ಟಿಕ್ ಪರದೆ. ಹೆಡ್‌ಫೋನಿನಲ್ಲಿ ಹರಿಯುವುದು ಕೆಲವೇ ಮಿಲಿವಾಟ್ ಶಕ್ತಿ. ಹಾಗಾಗಿ ಸುರುಳಿ ಬಿಸಿಯಾಗಿ ಸುಡುವುದು ಅಪರೂಪ. 60ರ ದಶಕದಿಂದ ಈಚೆಗೆ ಬಳಸಿದ ಮ್ಯಾಗ್ನೆಟ್‌ಗಳು ಸುಮ್ನೆ ಇಟ್ಟರೆ ಶಕ್ತಿ ಕಳೆದುಕೊಳ್ಳುವುದಿಲ್ಲ. 1920ರ ದಶಕದ ಉಕ್ಕಿನ ಮ್ಯಾಗ್ನೆಟ್ ಇರುವ ರೇಡಿಯೊ ಹೆಡ್‌ಫೋನುಗಳ ಮಾತು ಬೇರೆ. ಅವು ನಿಜಕ್ಕೂ ದುರ್ಬಲವಾಗುತ್ತವೆ.

ಕೆಡುವುದು ಸ್ಪಂಜು, ರೆಕ್ಸಿನ್, ವೈರಿನ ಹೊದಿಕೆ, ಎಲಾಸ್ಟಿಕ್, ಗೋಂದು. ಅಂದರೆ ಅಗ್ಗದ ವಸ್ತುಗಳು. ಅದಕ್ಕೇ ಈ ಹವ್ಯಾಸಕ್ಕೆ ಇಳಿಯುವುದು ಸುಲಭ. ಒಂದು ಮಲ್ಟಿಮೀಟರ್, ಒಂದು ಸೋಲ್ಡರಿಂಗ್ ಐರನ್, ಸ್ವಲ್ಪ ತಾಳ್ಮೆ ಇದ್ದರೆ ಸಾಕು. ಆದರೆ ಒಂದು ತೊಡಕಿದೆ. ಆ ಅಗ್ಗದ ವಸ್ತುಗಳಲ್ಲಿ ಅರ್ಧಕ್ಕರ್ಧ ಶಬ್ದದ ಭಾಗವೇ ಆಗಿರುತ್ತವೆ. ಅವನ್ನು ಬದಲಿಸಿದರೆ ಹೆಡ್‌ಫೋನಿನ ದನಿಯೂ ಬದಲಾಗುತ್ತದೆ. ರಿಪೇರಿ ಮತ್ತು ಪುನರುಜ್ಜೀವನ ಎರಡೂ ಬೇರೆಯಾಗುವುದು ಅಲ್ಲಿ.

ಯಾವುದನ್ನು ಹುಡುಕುತ್ತಾರೆ

ಹೆಡ್‌ಫೋನಿನ ಇತಿಹಾಸ ನೂರು ವರ್ಷ ದಾಟಿದೆ. 1910ರಲ್ಲಿ ಅಮೆರಿಕದ ಯೂಟಾದ ನಥಾನಿಯಲ್ ಬಾಲ್ಡ್‌ವಿನ್ ತನ್ನ ಮನೆಯ ಅಡುಗೆಮನೆಯಲ್ಲಿ ಕೂತು ಮಾಡಿದ ಹೆಡ್‌ಫೋನುಗಳನ್ನು ಅಲ್ಲಿನ ನೌಕಾಪಡೆಗೆ ಮಾರಿದ. 1937ರಲ್ಲಿ ಬರ್ಲಿನ್ನಿನ ಬೇಯರ್ ಕಂಪನಿ ಡಿಟಿ 48 ತಂದಿತು. ಇವತ್ತಿನ ಹೆಡ್‌ಫೋನುಗಳಂತೆ ಸುರುಳಿಯೇ ಅಲುಗಾಡುವ ಡೈನಮಿಕ್ ಬಗೆಯಲ್ಲಿ ಮೊದಲನೆಯದು ಅದೇ ಅನ್ನುತ್ತಾರೆ. ಅದರ ತಯಾರಿಕೆ ನಿಂತಿದ್ದು 2012ರಲ್ಲಿ. ಒಂದು ಮಾದರಿ 75 ವರ್ಷ ಬಾಳಿತು ಅಂದರೆ ಸಣ್ಣ ಮಾತಲ್ಲ.

ಅಲ್ಲಿಯವರೆಗೆ ಹೆಡ್‌ಫೋನ್ ಅಂದರೆ ಕೆಲಸದ ಸಾಮಾನು. ಹೆಚ್ಚಾಗಿ ಟೆಲಿಫೋನ್ ಆಪರೇಟರು, ಸೈನಿಕ, ಸ್ಟುಡಿಯೊ ಎಂಜಿನಿಯರ್ ಇವರಿಗೆ. ಮನೆಯಲ್ಲಿ ಕೂತು ಸ್ಟೀರಿಯೊ ಹಾಡು ಕೇಳುವ ವಸ್ತುವಾಗಿದ್ದು 1958ರಲ್ಲಿ. ಮಿಲ್ವಾಕಿಯ ಜಾನ್ ಕಾಸ್ ಮೊದಲು ಆಸ್ಪತ್ರೆಯ ರೋಗಿಗಳಿಗೆ ಟಿವಿ ಬಾಡಿಗೆಗೆ ಕೊಡುತ್ತಿದ್ದವರು. ಆಮೇಲೆ ಒಂದು ಪುಟ್ಟ ರೆಕಾರ್ಡ್ ಪ್ಲೇಯರ್ ಮಾಡಿದರು. ಅಕ್ಕಪಕ್ಕದವರಿಗೆ ತೊಂದರೆಯಾಗದಂತೆ ಕೇಳಲಿ ಅಂತ ಅದರ ಜೊತೆಗೆ ಎಸ್‌ಪಿ/3 ಅನ್ನುವ ಸ್ಟೀರಿಯೊ ಹೆಡ್‌ಫೋನ್ ಇಟ್ಟರು. ಎರಡು ಪ್ಲಾಸ್ಟಿಕ್ ಬಟ್ಟಲಿನಲ್ಲಿ ಎರಡು ಪುಟ್ಟ ಸ್ಪೀಕರ್, ನಡುವೆ ಬಗ್ಗಿಸಿದ ಲೋಹದ ಕಂಬಿ, ಅಷ್ಟೇ. ಪ್ರದರ್ಶನದಲ್ಲಿ ಜನ ಪ್ಲೇಯರನ್ನು ಬಿಟ್ಟು ಹೆಡ್‌ಫೋನಿಗೆ ಮುಗಿಬಿದ್ದರು.

ಸಂಗ್ರಹಕಾರರ ಹುಡುಕಾಟ ಹೆಚ್ಚಾಗಿ ಇಲ್ಲಿಂದ 1990ರವರೆಗಿನ ಮಾಲಿಗೆ. ಅದರಲ್ಲೂ ಮೂರು ಹೆಸರು ಮತ್ತೆ ಮತ್ತೆ ಬರುತ್ತವೆ. ಜರ್ಮನಿಯ ಸೆನ್‌ಹೈಸರ್ 1968ರಲ್ಲಿ ತಂದ ಎಚ್‌ಡಿ 414. ವಿಯೆನ್ನಾದ ಎಕೆಜಿ 1970ರ ದಶಕದಲ್ಲಿ ತಂದ ಕೆ240 ಸೆಕ್ಸ್‌ಟೆಟ್. ಜಪಾನಿನ ಯಮಾಹಾ 1976ರಲ್ಲಿ ತಂದ ಎಚ್‌ಪಿ-1. ಈ ಮೂರೂ ಮೂರು ಬಗೆಯ ಯೋಚನೆಗಳು. ಅದಕ್ಕೇ ಇವುಗಳ ರಿಪೇರಿಯೂ ಮೂರು ಬಗೆ.

ನಮ್ಮ ಕಡೆ ಇವು ಕಡಿಮೆ. 1991ಕ್ಕೆ ಮುಂಚೆ ಹೊರಗಿನ ಎಲೆಕ್ಟ್ರಾನಿಕ್ಸ್ ತರಿಸುವುದು ದುಬಾರಿ ಬಾಬತ್ತು. ಬಂದಿದ್ದು ಹೆಚ್ಚಾಗಿ ಗಲ್ಫ್‌ನಿಂದ ರಜೆಗೆ ಬರುವವರ ಸೂಟ್‌ಕೇಸಿನಲ್ಲಿ. 1979ರ ಜುಲೈನಲ್ಲಿ ಸೋನಿ ಮೊದಲ ವಾಕ್‌ಮನ್ ಬಿಟ್ಟಾಗ ಅದರ ಜೊತೆಗಿದ್ದ ಎಂಡಿಆರ್-3ಎಲ್2 ಹೆಡ್‌ಫೋನಿಗೆ ಕಿತ್ತಳೆ ಬಣ್ಣದ ಸ್ಪಂಜು ಇತ್ತು. ಆ ಬಗೆಯ ಹಗುರ ಹೆಡ್‌ಫೋನುಗಳು ಕರಾವಳಿಯ ಮನೆಗಳ ಬೀರುಗಳಲ್ಲಿ ಇನ್ನೂ ಇರಬಹುದು. ಸ್ಪಂಜು ಮಾತ್ರ ಉಳಿದಿರುವುದಿಲ್ಲ. ಬೆಂಗಳೂರಿನಲ್ಲಾದರೆ ಬಿವಿಕೆ ಅಯ್ಯಂಗಾರ್ ರಸ್ತೆ ಕಡೆಯ ಸಂಡೇ ಬಜಾರ್ ತಡಕಾಡಬಹುದು. ವೈರು, ಪ್ಲಗ್, ಸೋಲ್ಡರ್ ಎಲ್ಲಕ್ಕೂ ಎಸ್‌ಪಿ ರೋಡ್ ಇದ್ದೇ ಇದೆ.

ಸ್ಪಂಜು ಯಾಕೆ ಅಂಟಾಗುತ್ತದೆ

ಹೆಡ್‌ಫೋನಿನ ಸ್ಪಂಜು ಪಾಲಿಯೂರಿಥೇನ್. ಅದರಲ್ಲಿ ಎರಡು ಬಗೆ, ಎಸ್ಟರ್ ಮತ್ತು ಈಥರ್. ಎಸ್ಟರ್ ಬಗೆಯ ಸ್ಪಂಜಿನ ಅಣುಸರಪಳಿಯನ್ನು ಗಾಳಿಯ ತೇವವೇ ನಿಧಾನಕ್ಕೆ ಕತ್ತರಿಸುತ್ತದೆ. ಸರಪಳಿ ತುಂಡಾದಂತೆ ಸ್ಪಂಜು ಮೊದಲು ಜಿಗುಟಾಗುತ್ತದೆ, ಆಮೇಲೆ ಪುಡಿಯಾಗುತ್ತದೆ. ಬಳಸದೆ ಪೆಟ್ಟಿಗೆಯಲ್ಲೇ ಇಟ್ಟಿದ್ದರೂ ಇದು ತಪ್ಪುವುದಿಲ್ಲ. "ಹೊಸದು, ಒಮ್ಮೆಯೂ ಬಳಸಿಲ್ಲ" ಅನ್ನುವ ಜಾಹೀರಾತು ನೋಡಿ ಹಿಗ್ಗಬೇಡಿ. ಈಥರ್ ಬಗೆಯದು ತೇವಕ್ಕೆ ಜಗ್ಗುವುದಿಲ್ಲ, ಆದರೆ ಬೆಳಕಿಗೆ, ಆಮ್ಲಜನಕಕ್ಕೆ ಸೋಲುತ್ತದೆ. ಚರ್ಮದ ಹಾಗೆ ಕಾಣುವ ರೆಕ್ಸಿನ್ ಪ್ಯಾಡ್ ಸಿಪ್ಪೆ ಬಿಡುವುದಕ್ಕೂ ಹೆಚ್ಚಾಗಿ ಇದೇ ಕಾರಣ. ಬಟ್ಟೆಯ ಮೇಲೆ ಹಚ್ಚಿದ ತೆಳು ಪಾಲಿಯೂರಿಥೇನ್ ಪದರ ತೇವಕ್ಕೆ, ಬೆವರಿಗೆ ಬಿಟ್ಟುಕೊಳ್ಳುತ್ತದೆ. ಮಂಗಳೂರು, ಕಾರವಾರದ ಗಾಳಿಯಲ್ಲಿ ಇದು ಬೇಗ. ಬಳ್ಳಾರಿಯ ಒಣಹವೆಯಲ್ಲಿ ಸ್ವಲ್ಪ ನಿಧಾನ.

ವೈರಿನದು ಬೇರೆ ಕಥೆ. ಅದರ ಹೊದಿಕೆಯ ಪಿವಿಸಿ ಹುಟ್ಟಾ ಗಟ್ಟಿ ಪ್ಲಾಸ್ಟಿಕ್. ಅದನ್ನು ಮೆತ್ತಗೆ ಮಾಡಲು ಪ್ಲಾಸ್ಟಿಸೈಜರ್ ಅನ್ನುವ ಎಣ್ಣೆಯಂಥ ವಸ್ತು ಬೆರೆಸುತ್ತಾರೆ. ವರ್ಷಗಳು ಕಳೆದಂತೆ ಅದು ಹೊರಗೆ ಜಿನುಗುತ್ತದೆ. ವೈರಿನ ಮೇಲೆ ಕೈಗೆ ಅಂಟುವ ಪಸೆ ಅದೇ. ಎಲ್ಲಾ ಜಿನುಗಿದ ಮೇಲೆ ಉಳಿಯುವುದು ಸೆಟೆದ ವೈರು.

ಬಿಚ್ಚುವ ಮೊದಲು

ಮೊದಲ ಕೆಲಸ ಕಿವಿಗೆ ಹಾಕಿಕೊಳ್ಳುವುದಲ್ಲ, ಮೀಟರ್ ಇಡುವುದು. ಸ್ಟೀರಿಯೊ ಪ್ಲಗ್ಗಿನಲ್ಲಿ ಮೂರು ಭಾಗ ಇರುತ್ತದೆ. ತುದಿ ಎಡ ಕಿವಿಗೆ, ನಡುವಿನ ಉಂಗುರ ಬಲ ಕಿವಿಗೆ, ಬುಡ ಎರಡಕ್ಕೂ ಸೇರಿ. ಮಲ್ಟಿಮೀಟರನ್ನು ಓಂಗೆ (ವಿದ್ಯುತ್ತಿಗೆ ಎದುರಾಗುವ ತಡೆಯ ಅಳತೆ) ತಿರುಗಿಸಿ ಒಂದು ಕಡ್ಡಿಯನ್ನು ಬುಡಕ್ಕೆ, ಇನ್ನೊಂದನ್ನು ತುದಿಗೆ ಇಡಿ. ಆಮೇಲೆ ಉಂಗುರಕ್ಕೆ. ಎರಡೂ ಕಡೆ ಹತ್ತಿರ ಹತ್ತಿರದ ಸಂಖ್ಯೆ ಬಂದರೆ ಸುರುಳಿಗಳು ಜೀವಂತ ಅಂತ ಅರ್ಥ. ಹೆಡ್‌ಫೋನಿನ ಮೇಲೆ 600 ಓಂ ಅಂತ ಬರೆದಿದ್ದರೆ ಮೀಟರಿನಲ್ಲಿ ಅದಕ್ಕಿಂತ ಸ್ವಲ್ಪ ಕಮ್ಮಿ ತೋರಿಸಬಹುದು. ಅದು ಸಹಜ. ಮೀಟರಿನ ಕಡ್ಡಿ ತಾಗಿದ ಕ್ಷಣ ಕಿವಿಯ ಮೇಲೆ ಕೂರುವ ಕಪ್ಪಿನೊಳಗಿಂದ ಸಣ್ಣಗೆ 'ಟಕ್' ಅಂತ ಕೇಳಿಸುತ್ತದೆ. ಅದು ಮೀಟರ್ ಕಳಿಸುವ ಅಲ್ಪ ವಿದ್ಯುತ್ತಿಗೆ ಪರದೆ ಅಲುಗಿದ ಸದ್ದು. ಗುಜರಿ ಅಂಗಡಿಯ ಗಲಾಟೆಯ ಮಧ್ಯೆಯೂ ಆ ಟಕ್ ಕೇಳಿದರೆ ಚೌಕಾಸಿಗೆ ಇಳಿಯಬಹುದು. ಮುಖದಲ್ಲಿ ಖುಷಿ ತೋರಿಸದಿದ್ದರೆ ಆಯಿತು.

ಒಂದು ಕಡೆ ಏನೂ ತೋರಿಸದಿದ್ದರೂ ಕೈಬಿಡಬೇಡಿ. ವೈರನ್ನು ಪ್ಲಗ್ಗಿನ ಹತ್ತಿರ, ಕಪ್ಪಿಗೆ ಸೇರುವ ಜಾಗದ ಹತ್ತಿರ ಮೆಲ್ಲಗೆ ಬಗ್ಗಿಸುತ್ತಾ ಮೀಟರ್ ನೋಡಿ. ಸಂಖ್ಯೆ ಬಂದು ಹೋಗುತ್ತಿದ್ದರೆ ಒಡೆದಿರುವುದು ವೈರು. ಡ್ರೈವರ್ ಅಲ್ಲ. ಒಂದು ಕಿವಿ ಸತ್ತ ಹೆಡ್‌ಫೋನುಗಳಲ್ಲಿ ಹೆಚ್ಚಿನವು ಈ ಎರಡು ಜಾಗದಲ್ಲೇ ಸತ್ತಿರುತ್ತವೆ. ಎರಡು ಮೂರು ಇಂಚು ಕತ್ತರಿಸಿ ಹೊಸ ಪ್ಲಗ್ ಹಾಕಿದರೆ ಕೆಲಸ ಮುಗಿಯಿತು.

ಜರ್ಮನಿಯ ಹಳೆಯ ಮಾಲಿನಲ್ಲಿ ನಮಗೆ ಪರಿಚಯವಿರುವ ಪ್ಲಗ್ಗೇ ಇರುವುದಿಲ್ಲ. ಐದು ಪಿನ್ನಿನ ಡಿನ್ ಪ್ಲಗ್ ಇರುತ್ತದೆ. ಅದಕ್ಕೆ ಅಡಾಪ್ಟರ್ ಸಿಗುತ್ತದೆ. ಹಳೆಯ ಪ್ಲಗ್ ಕತ್ತರಿಸುವ ಬದಲು ಅಡಾಪ್ಟರ್ ಮಾಡಿಕೊಳ್ಳುವುದು ಜಾಣತನ. ಆ ಪ್ಲಗ್ ಇದ್ದರೇ ಸಂಗ್ರಹಕಾರರಿಗೆ ಬೆಲೆ.

ಓಂ ಲೆಕ್ಕ

ಹಳೆಯ ಹೆಡ್‌ಫೋನ್ ಕೊಂಡವರ ಸಾಮಾನ್ಯ ದೂರು: "ಶಬ್ದ ತುಂಬಾ ಸಣ್ಣ." ಇದಕ್ಕೆ ಓಂ ಕಾರಣ ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ಸತ್ಯ.

ಹೆಡ್‌ಫೋನ್ ಹಾಕಲು ಫೋನಿಗೆ ಸಿಕ್ಕಿಸುವ ಡಾಂಗಲ್ ಒಂದು 1 ವೋಲ್ಟ್ ಕೊಡುತ್ತದೆ ಅಂದುಕೊಳ್ಳಿ. 32 ಓಂ ಹೆಡ್‌ಫೋನಿಗೆ ಅದರಿಂದ ಸುಮಾರು 31 ಮಿಲಿವಾಟ್ ಸಿಗುತ್ತದೆ. 600 ಓಂಗೆ 1.7 ಮಿಲಿವಾಟ್. 2000 ಓಂಗೆ ಬರೀ ಅರ್ಧ ಮಿಲಿವಾಟ್. ಎಚ್‌ಡಿ 414 ಇದೇ 2000 ಓಂನದು. ಆದರೂ ಅದು ಫೋನಿನಲ್ಲಿ ಪರವಾಗಿಲ್ಲ ಅನ್ನುವಷ್ಟು ಕೇಳಿಸುತ್ತದೆ. 600 ಓಂನ ಕೆ240 ಮಾತ್ರ ಪಿಸುಗುಡುತ್ತದೆ. ಯಾಕೆ? ಸಿಕ್ಕ ಮಿಲಿವಾಟಿನಿಂದ ಎಷ್ಟು ಶಬ್ದ ತೆಗೆಯುತ್ತದೆ ಅನ್ನುವುದು ಬೇರೆ ಲೆಕ್ಕ. ಅದಕ್ಕೆ ಸೆನ್ಸಿಟಿವಿಟಿ ಅನ್ನುತ್ತಾರೆ. ಎಚ್‌ಡಿ 414 ಅದರಲ್ಲಿ ಗಟ್ಟಿಗ, ಕೆ240 ಸೋಮಾರಿ.

ಅಷ್ಟೊಂದು ಓಂ ಇಟ್ಟಿದ್ದಾದರೂ ಯಾಕೆ? ಆ ಕಾಲದ ಹೆಚ್ಚಿನ ಆಂಪ್ಲಿಫೈಯರುಗಳಲ್ಲಿ ಹೆಡ್‌ಫೋನಿಗೆ ಬೇರೆ ವ್ಯವಸ್ಥೆ ಇರಲಿಲ್ಲ. ಸ್ಪೀಕರಿಗೆ ಹೋಗುವ ವಿದ್ಯುತ್ತನ್ನೇ ನೂರಾರು ಓಂನ ರೆಸಿಸ್ಟರ್ ಮೂಲಕ ಹೆಡ್‌ಫೋನ್ ಸಾಕೆಟ್ಟಿಗೆ ಬಿಡುತ್ತಿದ್ದರು. ವೋಲ್ಟೇಜಿಗೆ ಬರ ಇರಲಿಲ್ಲ. ಸ್ಟುಡಿಯೊಗಳಲ್ಲಿ ಒಂದೇ ತಂತಿಗೆ ಹಲವು ಹೆಡ್‌ಫೋನ್ ಒಟ್ಟಿಗೆ ಹಾಕಬೇಕಿತ್ತು. ಓಂ ಜಾಸ್ತಿ ಇದ್ದರೆ ತಂತಿಯ ಮೇಲೆ ಹೊರೆ ಕಡಿಮೆ. ಹಾಗಾಗಿ ಹಳೆಯ ಹೆಡ್‌ಫೋನಿಗೆ ಅದೇ ಕಾಲದ ಸ್ಟೀರಿಯೊ ಆಂಪ್ಲಿಫೈಯರ್ ಜೊತೆಯಾದರೆ ಹೊಸ ಡಾಂಗಲ್ಲಿಗಿಂತ ಚೆನ್ನಾಗಿ ಹಾಡುತ್ತದೆ. ಮೊದಲ ಸಲ ಹಾಕುವಾಗ ವಾಲ್ಯೂಮ್ ಸೊನ್ನೆಗೆ ಇಟ್ಟು ಶುರುಮಾಡಿ, ಕಿವಿ ನಿಮ್ಮದೇ ಅಲ್ವಾ.

ಪ್ಯಾಡ್ ದಿಂಬಲ್ಲ

ಈಗ ಮುಖ್ಯ ವಿಷಯ. ಮೃದಂಗದ ಬಲಮುಚ್ಚಿಗೆಯ ಮೇಲಿನ ಕರಣೆ ತೆಗೆದುಬಿಟ್ಟರೆ ಚರ್ಮ ಉಳಿಯುತ್ತದೆ, ನಾದ ಉಳಿಯುವುದಿಲ್ಲ. ಹೆಡ್‌ಫೋನಿನ ಪ್ಯಾಡ್, ಒಳಗಿನ ಫೆಲ್ಟ್ (ಎಳೆಗಳನ್ನು ಒತ್ತಿ ಮಾಡಿದ ಬಟ್ಟೆ), ಸ್ಪಂಜಿನ ತುಂಡು ಇವೆಲ್ಲ ಹಾಗೇ. ನೋಡಲು ಮೆತ್ತನೆಯ ಸಾಮಾನು, ಮಾಡುವುದು ನಾದದ ಕೆಲಸ.

ಎಚ್‌ಡಿ 414 ತೆಗೆದುಕೊಳ್ಳಿ. ಅದಕ್ಕೆ ಮುಂಚೆ ಒಳ್ಳೆಯ ಹೆಡ್‌ಫೋನ್ ಅಂದರೆ ಕಿವಿಯನ್ನು ಗಟ್ಟಿಯಾಗಿ ಮುಚ್ಚುವ ಭಾರದ ಬಟ್ಟಲು. ಶಬ್ದ ಸೋರಬಾರದು ಅನ್ನುವುದು ನಿಯಮ. ಎಚ್‌ಡಿ 414 ಅದನ್ನು ಉಲ್ಟಾ ಮಾಡಿತು. ಡ್ರೈವರಿನ ಹಿಂಭಾಗ ತೆರೆದಿತ್ತು, ಕಿವಿಯ ಕಡೆಗೆ ಬರೀ ದಪ್ಪ ಸ್ಪಂಜಿನ ಬಿಲ್ಲೆ. ತೂಕ ಸುಮಾರು 135 ಗ್ರಾಂ. ಹೊರಗಿನ ಶಬ್ದ ಒಳಗೆ, ಒಳಗಿನದು ಹೊರಗೆ ಆರಾಮವಾಗಿ ಓಡಾಡುತ್ತಿತ್ತು. ಹಾಡು ತಲೆಯೊಳಗೆ ಗುಂಯ್‌ಗುಡುವ ಬದಲು ಸ್ವಲ್ಪ ಆಚೆ ನಿಂತು ಕೇಳಿಸುತ್ತಿತ್ತು. ಮಾರುಕಟ್ಟೆಯಲ್ಲಿ ಮೊದಲ ತೆರೆದ ಹೆಡ್‌ಫೋನ್ ಅಂತ ಹೆಸರಾಗಿ 1 ಕೋಟಿಗೂ ಹೆಚ್ಚು ಮಾರಾಟವಾಯಿತು ಎನ್ನುತ್ತದೆ ಕಂಪನಿ. ಹಳದಿ ಸ್ಪಂಜು ಅದರ ಗುರುತಾಗಿಬಿಟ್ಟಿತು.

ಆ ಸ್ಪಂಜು ಪುಡಿಯಾದಾಗ ಜನ ಏನು ಮಾಡುತ್ತಾರೆ? ಪಾತ್ರೆ ತೊಳೆಯುವ ಸ್ಪಂಜು ದುಂಡಗೆ ಕತ್ತರಿಸಿ ಹಾಕುತ್ತಾರೆ. ನೋಡಲು ಅಚ್ಚುಕಟ್ಟು. ಕೇಳಿದರೆ ತಂಬೂರಿಯ ಝೇಂಕಾರವೇ ಇಲ್ಲ, ಕಂಬಳಿ ಹೊದ್ದ ದನಿ. ಪಾತ್ರೆಯ ಸ್ಪಂಜಿನ ತೂತುಗಳು ಸಣ್ಣ, ಹಲವು ಮುಚ್ಚಿರುತ್ತವೆ. ಎತ್ತರದ ಸ್ವರಗಳು ಅದರಲ್ಲೇ ಇಂಗಿಹೋಗುತ್ತವೆ. ಮೂಲ ಸ್ಪಂಜು ಗಾಳಿ ಸರಾಗವಾಗಿ ಹಾಯುವ ತೆರೆದ ತೂತಿನದು. ಬಾಯಿಗೆ ಹಿಡಿದು ಊದಿದರೆ ಗಾಳಿ ಹೆಚ್ಚುಕಮ್ಮಿ ತಡೆಯಿಲ್ಲದೆ ಆಚೆ ಬರಬೇಕು. ದಪ್ಪವೂ ಮುಖ್ಯ. ಸ್ಪಂಜು ತೆಳುವಾದರೆ ಡ್ರೈವರ್ ಕಿವಿಗೆ ಹತ್ತಿರವಾಗಿ ಬೇಸ್, ಅಂದರೆ ತಗ್ಗಿನ ದನಿ, ಜಾಸ್ತಿಯಾಗುತ್ತದೆ. ದಪ್ಪವಾದರೆ ಬೇಸ್ ಸೊರಗುತ್ತದೆ. ಅದೃಷ್ಟಕ್ಕೆ ಈ ಮಾದರಿಗೆ ಸರಿಹೊಂದುವ ಸ್ಪಂಜನ್ನು ಹೊಸದಾಗಿ ಮಾಡಿ ಮಾರುವವರು ಇದ್ದಾರೆ. ಕೇಬಲ್ ಎರಡೂ ಕಡೆ ಕಿತ್ತು ಹಾಕುವಂಥದ್ದು. ಸೋಲ್ಡರಿಂಗ್ ಬಾರದವರೂ ಒಂದು ಸಂಜೆಯಲ್ಲಿ ಇದನ್ನು ಎಬ್ಬಿಸಬಹುದು. ಮೊದಲ ಹೆಡ್‌ಫೋನ್ ಇದೇ ಆಗಲಿ ಅಂತ ನಾನು ಹೇಳುವುದು ಅದಕ್ಕೇ.

ಕೆ240 ಸೆಕ್ಸ್‌ಟೆಟ್ ಇನ್ನೊಂದು ತರಹ. ಪ್ಯಾಡ್ ತೆಗೆದರೆ ನಡುವೆ ಡ್ರೈವರ್, ಅದರ ಸುತ್ತ ಆರು ಪುಟ್ಟ ದುಂಡು ಪರದೆಗಳು ಕಾಣುತ್ತವೆ. ಹೆಸರಿನ ಆರು ಅವೇ. ಅವಕ್ಕೆ ವೈರು ಇಲ್ಲ, ಸುರುಳಿ ಇಲ್ಲ. ಡ್ರೈವರ್ ಹಿಂದಕ್ಕೆ ತಳ್ಳಿದ ಗಾಳಿಗೆ ತಾವೇ ಅಲುಗಿ ಬೇಸಿಗೆ ಬಲ ಕೊಡುತ್ತವೆ. ಈ ಆಟ ನಡೆಯಬೇಕಾದರೆ ಪ್ಯಾಡ್ ಕೆನ್ನೆಗೆ ಸರಿಯಾಗಿ ಕೂತು ಗಾಳಿ ಸೋರದಂತಿರಬೇಕು. ಹಳೆಯ ಪ್ಯಾಡ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಸೋರಿಕೆಯಾದರೆ ಮೊದಲು ಹೋಗುವುದು ಬೇಸ್. ಪರೀಕ್ಷೆ ಸುಲಭ: ಮೃದಂಗ ಅಥವಾ ತಬಲಾ ಇರುವ ಹಾಡು ಹಾಕಿ, ಎರಡೂ ಕೈಯಿಂದ ಕಪ್ಪುಗಳನ್ನು ತಲೆಗೆ ಮೆಲ್ಲಗೆ ಒತ್ತಿ. ಒತ್ತಿದಾಗ ಗುಂಕಿ ತುಂಬಿ ಬಂದು, ಬಿಟ್ಟಾಗ ಮಾಯವಾದರೆ ತಪ್ಪು ಪ್ಯಾಡಿನದು. "ಈ ಮಾದರಿಯಲ್ಲಿ ಬೇಸೇ ಇಲ್ಲ" ಅಂತ ತೀರ್ಪು ಕೊಡುವವರಲ್ಲಿ ಎಷ್ಟೋ ಜನ ಕೇಳಿರುವುದು ಬಿರುಕು ಬಿಟ್ಟ ಪ್ಯಾಡನ್ನು.

ಇಲ್ಲಿ ಇನ್ನೊಂದು ಎಚ್ಚರ. ಕೆ240 ಅನ್ನುವ ಹೆಸರಿನಲ್ಲಿ ಹಲವು ಹೆಡ್‌ಫೋನ್ ಬಂದಿವೆ. ಸೆಕ್ಸ್‌ಟೆಟ್ ಆದ ಮೇಲೆ ಮಾನಿಟರ್, ಡಿಎಫ್, ಕೊನೆಗೆ 55 ಓಂನ ಸ್ಟುಡಿಯೊ. ಹೊರಗಿನಿಂದ ಎಲ್ಲವೂ ಅಣ್ಣತಮ್ಮಂದಿರು. ಒಳಗೆ ಆ ಆರು ಪರದೆ ಇರುವುದು ಸೆಕ್ಸ್‌ಟೆಟ್‌ನಲ್ಲಿ. ಮಾರುವವರಿಗೆ ಪ್ಯಾಡ್ ತೆಗೆದು ಫೋಟೊ ಕಳಿಸಲು ಹೇಳಿ. ಕಳಿಸದಿದ್ದರೆ ಕೊಳ್ಳಬೇಡಿ. ಎಕೆಜಿಯ ವಿಯೆನ್ನಾ ಘಟಕ 2017ರಲ್ಲಿ ಮುಚ್ಚಿತು. ಹಾಗಾಗಿ ಹಳೆಯ ಬಿಡಿಭಾಗಕ್ಕೆ ಸಂಗ್ರಹಕಾರರನ್ನೇ ನೆಚ್ಚಬೇಕು. ತಲೆಪಟ್ಟಿಯನ್ನು ಎಳೆದು ಹಿಡಿಯುವ ಎಲಾಸ್ಟಿಕ್ ಮಾತ್ರ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲೇ ಸಿಕ್ಕೀತು.

ಯಮಾಹಾ ಎಚ್‌ಪಿ-1 ಮೂರನೆಯ ದಾರಿ. ಇದರಲ್ಲಿ ಪರದೆಗೆ ಅಂಟಿದ ಸುರುಳಿಯ ಬದಲು ಪರದೆಯ ಮೇಲೇ ಸುರುಳಿ ಅಚ್ಚಾಗಿರುತ್ತದೆ. ಆ ತೆಳು ಹಾಳೆಯನ್ನು ತೂತುಗಳಿರುವ ಎರಡು ಮ್ಯಾಗ್ನೆಟ್ ಬಿಲ್ಲೆಗಳ ನಡುವೆ ಇಟ್ಟಿರುತ್ತಾರೆ. ಇಡೀ ಹಾಳೆ ಒಟ್ಟಿಗೆ ಅಲುಗುತ್ತದೆ. ಯಮಾಹಾ ಇದಕ್ಕೆ ಆರ್ಥೊಡೈನಮಿಕ್ ಅಂತ ಹೆಸರಿಟ್ಟಿತು. ಇವತ್ತು ಪ್ಲೇನಾರ್ ಅಂತ ದುಬಾರಿ ಬೆಲೆಗೆ ಮಾರುವುದು ಇದೇ ತತ್ವದ ಮಾಲು. ಹೊರಗಿನ ವಿನ್ಯಾಸ ಇಟಲಿಯ ಮಾರಿಯೊ ಬೆಲ್ಲಿನಿಯವರದು, ಈಗಲೂ ಹಳತು ಅನಿಸುವುದಿಲ್ಲ.

ಇಂಥ ಡ್ರೈವರಿನ ಹಿಂದೆ ಏನಿದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಅಲ್ಲಿ ಫೆಲ್ಟ್ ಅಥವಾ ಸ್ಪಂಜಿನ ಬಿಲ್ಲೆ ಇರುತ್ತದೆ. ಅದು ಗಾಳಿಗೆ ತಡೆಯೊಡ್ಡಿ ಹಾಳೆ ಅತಿಯಾಗಿ ಕುಣಿಯದಂತೆ ಹಿಡಿಯುತ್ತದೆ. ಬಿಚ್ಚಿದಾಗ ಅದು ಪುಡಿಪುಡಿಯಾಗಿ ಕಂಡರೆ "ಕಸ" ಅಂತ ಒರೆಸಿ ಎಸೆಯುವವರೇ ಜಾಸ್ತಿ. ಮುಚ್ಚಳ ಹಾಕಿ ಕೇಳಿದರೆ ಬೇಸ್ ಕುಪ್ಪಳಿಸುತ್ತದೆ, ಗಾಯಕಿಯ ದನಿ ಹಿಂದೆ ಸರಿಯುತ್ತದೆ. ಎಸೆಯುವ ಮೊದಲು ಫೋಟೊ ತೆಗೆಯಿರಿ, ದಪ್ಪ ಅಳೆಯಿರಿ. ಕರಕುಶಲ ಸಾಮಾನಿನ ಅಂಗಡಿಯಲ್ಲಿ ಸಿಗುವ ಫೆಲ್ಟ್ ಹಾಳೆಯನ್ನು ಅದೇ ಅಳತೆಗೆ ಕತ್ತರಿಸಿ ಹಾಕಿ ಕೇಳಿ. ಎರಡು ಪದರ ಹಾಕಿ ಕೇಳಿ. ಒಂದು ಕಪ್ಪಿಗೆ ಒಂದು ಬಗೆ, ಇನ್ನೊಂದಕ್ಕೆ ಇನ್ನೊಂದು ಬಗೆ ಹಾಕಿದರೆ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ. ಈ ಹವ್ಯಾಸದ ನಿಜವಾದ ಮಜಾ ನನ್ನ ಪ್ರಕಾರ ಇಲ್ಲಿದೆ. ಬಹಳ ಜನ ಹೊಳೆಯುವ ಪ್ಲಾಸ್ಟಿಕ್ಕಿಗೆ ಮರುಳಾಗುತ್ತಾರೆ. ಕೆಲಸ ಇರುವುದು ಒಂದು ತುಂಡು ಫೆಲ್ಟಿನಲ್ಲಿ.

ಕೈಕೆಲಸ

ಅಂಟಾದ ಸ್ಪಂಜು ತೆಗೆಯಲು ಮರದ ಕಡ್ಡಿ ಮತ್ತು ಹತ್ತಿಯ ಬಡ್ಸ್ ಸಾಕು. ಐಸೊಪ್ರೊಪೈಲ್ ಆಲ್ಕೊಹಾಲ್ ಸ್ವಲ್ಪವೇ ತಾಗಿಸಿ. ಅಚ್ಚು ಮಾಡಿದ ಅಕ್ಷರಗಳ ಮೇಲೆ ಮಾತ್ರ ಅದು ಬೇಡ, ಹೆಸರೇ ಅಳಿಸಿಹೋಗುತ್ತದೆ. ಅಲ್ಲಿಗೆ ಸೋಪಿನ ನೀರು. ಡ್ರೈವರ್ ಮೇಲೆ ಪುಡಿ ಬಿದ್ದರೆ ಊದಬೇಡಿ, ವ್ಯಾಕ್ಯೂಮ್ ಕ್ಲೀನರ್ ಹತ್ತಿರವೂ ತರಬೇಡಿ. ಆ ಪರದೆ ತಲೆಕೂದಲಿಗಿಂತ ತೆಳು. ಒಂದು ಸಲ ಸುಕ್ಕಾದರೆ ಮತ್ತೆ ನೆಟ್ಟಗಾಗುವುದು ಕಷ್ಟ. ಮೆತ್ತನೆಯ ಬ್ರಶ್‌ನಿಂದ ಅಂಚಿನ ಕಡೆಗೆ ಸರಿಸಿ. ಕೆಲಸದ ಮೇಜಿನ ಮೇಲೆ ಕಬ್ಬಿಣದ ಪುಡಿ, ಸ್ಟೀಲ್ ವುಲ್ ಇರಲೇಬಾರದು. ಮ್ಯಾಗ್ನೆಟ್ ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಒಳಗೆ ಹೋದ ಪುಡಿ ಹೊರಗೆ ಬರುವುದಿಲ್ಲ.

ಹೆಡ್‌ಫೋನ್ ವೈರಿನ ಎಳೆಗಳಿಗೆ ಸೋಲ್ಡರ್ ಹಿಡಿಯುವುದಿಲ್ಲ ಅಂತ ಹೊಸಬರು ತಲೆ ಕೆಡಿಸಿಕೊಳ್ಳುತ್ತಾರೆ. ಎಷ್ಟೋ ವೈರುಗಳಲ್ಲಿ ಕೂದಲೆಳೆಯಂಥ ತಾಮ್ರವನ್ನು ದಾರದ ಸುತ್ತ ಸುತ್ತಿ, ಅದಕ್ಕೆ ಬಣ್ಣದ ಎನಾಮೆಲ್ ಬಳಿದಿರುತ್ತಾರೆ. ಎನಾಮೆಲ್ ಇರುವವರೆಗೆ ಸೋಲ್ಡರ್ ಜಾರುತ್ತದೆ. ಐರನ್ನಿನ ತುದಿಯಲ್ಲಿ ಸೋಲ್ಡರ್ ಕರಗಿಸಿ ಒಂದು ಹನಿ ಮಾಡಿ, ವೈರಿನ ತುದಿಗೆ ಸೋಲ್ಡರ್ ಹಿಡಿಯಲು ನೆರವಾಗುವ ಫ್ಲಕ್ಸ್ ಹಚ್ಚಿ ಆ ಹನಿಯಲ್ಲಿ ಅದ್ದಿ ಹಿಡಿಯಿರಿ. ಸಣ್ಣಗೆ ಹೊಗೆ ಬಂದು ಎನಾಮೆಲ್ ಸುಟ್ಟು ತುದಿ ಬೆಳ್ಳಗಾಗುತ್ತದೆ. ಈ ಕೆಲಸ ಡ್ರೈವರಿನಿಂದ ದೂರ ಮಾಡಿ. ಡ್ರೈವರಿನ ಕಾಲಿಗೆ ಜೋಡಿಸುವಾಗ ಒಂದೆರಡು ಸೆಕೆಂಡಿಗಿಂತ ಹೆಚ್ಚು ಐರನ್ ಇಡಬಾರದು. ಅದರ ಸುತ್ತಲಿನ ಪ್ಲಾಸ್ಟಿಕ್ ಕರಗಿದರೆ ಸುರುಳಿಯ ಎಳೆಯೇ ಕಿತ್ತುಬರುತ್ತದೆ.

ಪ್ಲಸ್ ಮೈನಸ್ ಅದಲುಬದಲಾದರೆ? ಎರಡೂ ಕಡೆ ಶಬ್ದ ಬರುತ್ತದೆ, ಎಲ್ಲಾ ಸರಿ ಅನಿಸುತ್ತದೆ. ಆದರೆ ಒಂದು ಪರದೆ ಮುಂದೆ ಹೋಗುವಾಗ ಇನ್ನೊಂದು ಹಿಂದೆ ಹೋಗುತ್ತಿರುತ್ತದೆ. ಇದನ್ನು ಹಿಡಿಯಲು 60ರ ದಶಕದ ಯಾವುದಾದರೂ ಕನ್ನಡ ಸಿನಿಮಾ ಹಾಡು ಹಾಕಿ. ಅವು ಮೊನೊ, ಎರಡೂ ಕಿವಿಗೆ ಒಂದೇ ಶಬ್ದ. ದನಿ ತಲೆಯ ನಟ್ಟನಡುವೆ ನಿಂತರೆ ಜೋಡಣೆ ಸರಿ. ಎಲ್ಲಿದೆ ಅಂತ ಹೇಳಲಾಗದೆ ಎರಡೂ ಕಡೆ ಚೆಲ್ಲಾಪಿಲ್ಲಿಯಾಗಿ, ಒಂಥರಾ ತಲೆಸುತ್ತು ಬರುವ ಹಾಗಿದ್ದರೆ ಒಂದು ಕಡೆಯ ಎರಡು ವೈರು ಬದಲಿಸಿ.

ಒಡೆದ ಪ್ಲಾಸ್ಟಿಕ್ಕಿಗೆ ಫೆವಿಕ್ವಿಕ್ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಡ್ರೈವರ್ ಒಳಗಿರುವಾಗ ಬೇಡವೇ ಬೇಡ. ಅದರ ಆವಿ ಸುತ್ತ ಬಿಳಿ ಮಂಜಾಗಿ ಕೂರುತ್ತದೆ, ಪರದೆಯ ಮೇಲೂ. ಅರಾಲ್ಡೈಟ್‌ನಂಥ ಎಪಾಕ್ಸಿ ನಿಧಾನ, ಆದರೆ ಗಟ್ಟಿ, ಆವಿಯ ಕಾಟ ಕಡಿಮೆ.

ಎಲ್ಲಾ ಮುಗಿದ ಮೇಲೂ ಒಂದು ಕಡೆ ಜೇನುನೊಣದ ಹಾಗೆ ಝುಂಯ್ ಅನ್ನುತ್ತಿದೆಯೇ? ಡ್ರೈವರ್ ಹರಿದಿದೆ ಅಂತ ಹೆದರುವ ಮೊದಲು ಪ್ಯಾಡ್ ತೆಗೆದು ಟಾರ್ಚ್ ಹಾಕಿ ನೋಡಿ. ಬಹುಮಟ್ಟಿಗೆ ಯಾರದ್ದೋ ಒಂದು ತಲೆಕೂದಲು ಜಾಲರಿಯ ತೂತಿನಿಂದ ಇಳಿದು ಪರದೆಗೆ ತಾಗುತ್ತಿರುತ್ತದೆ. ಚಿಮಟದಿಂದ ಎಳೆದರೆ ಮುಗಿಯಿತು.

ಏನನ್ನು ಆಮೇಲೆ ಕೊಳ್ಳಬೇಕು

ಜಪಾನಿನ ಸ್ಟ್ಯಾಕ್ಸ್ ಕಂಪನಿಯ ಎಲೆಕ್ಟ್ರೊಸ್ಟಾಟಿಕ್ ಹೆಡ್‌ಫೋನುಗಳು ಎಲ್ಲರಿಗೂ ಆಸೆ ಹುಟ್ಟಿಸುತ್ತವೆ. 1960ರಿಂದ ಬಂದಿವೆ. ಅದರಲ್ಲಿ ಸುರುಳಿಯೇ ಇಲ್ಲ. ಹಾಳೆಗೆ ವಿದ್ಯುದಾವೇಶ ಕೊಟ್ಟು ಎರಡು ಲೋಹದ ಜಾಲರಿಗಳ ನಡುವೆ ಅಲುಗಾಡಿಸುತ್ತಾರೆ. ಹಳೆಯ ಮಾದರಿಗಳಿಗೆ 230 ವೋಲ್ಟ್ ಬಯಾಸ್ (ಹಾಳೆಗೆ ಆವೇಶ ಕೊಡುವ ವೋಲ್ಟೇಜ್) ಬೇಕು, ಆಮೇಲಿನ ಪ್ರೊ ಮಾದರಿಗಳಿಗೆ 580 ವೋಲ್ಟ್. ಎರಡರ ಪ್ಲಗ್ಗೂ ಬೇರೆ, ಆಂಪ್ಲಿಫೈಯರಿನ ಸಾಕೆಟ್ಟೂ ಬೇರೆ. ಸ್ವಿಚ್ ಆಫ್ ಮಾಡಿದ ಮೇಲೂ ಆಂಪ್ಲಿಫೈಯರಿನ ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಕಲಿಯುವವರು ಅದರ ಮುಚ್ಚಳ ತೆಗೆಯಬಾರದು. ಕೈಪಳಗಿದ ಮೇಲೂ ಗೊತ್ತಿರುವವರ ಪಕ್ಕ ಕೂತೇ ತೆಗೆಯಬೇಕು.

ದುಡ್ಡಿನ ವಿಷಯದಲ್ಲಿ ಒಂದೇ ಮಾತು. ಹೊರದೇಶದ ಹರಾಜಿನಲ್ಲಿ ಅಗ್ಗ ಅನಿಸಿದ್ದು ಸಾಗಣೆ, ಕಸ್ಟಮ್ಸ್ ಸೇರಿ ಮನೆಗೆ ಬರುವಷ್ಟರಲ್ಲಿ ಅಗ್ಗವಾಗಿ ಉಳಿದಿರುವುದಿಲ್ಲ. ಮೊದಲು ಮನೆಯ ಅಟ್ಟ, ನೆಂಟರ ಬೀರು ನೋಡಿ.

ಮಾರುವಾಗ ಏನು ಬದಲಿಸಿದ್ದೀರಿ ಅಂತ ಬರೆದುಕೊಡುವುದು ಈ ಬಳಗದ ಮರ್ಯಾದೆ. ಹಳೆಯ ಪ್ಯಾಡ್ ಎಷ್ಟೇ ಕೆಟ್ಟಿದ್ದರೂ, ಫೆಲ್ಟ್ ಎಷ್ಟೇ ಹರಿದಿದ್ದರೂ ಜಿಪ್ ಕವರಿನಲ್ಲಿ ಹಾಕಿ ಜೊತೆಗೇ ಕೊಡುತ್ತಾರೆ. ಮುಂದಿನವರು ಅಳತೆ ತೆಗೆಯಲು ಬೇಕಾಗುತ್ತದೆ.

ಇನ್ನು ಇಟ್ಟುಕೊಳ್ಳುವ ಬಗೆ. ಮಳೆಗಾಲದಲ್ಲಿ ಡಬ್ಬಿಗೆ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಪುಟಗೋಸಿ ಖರ್ಚು. ಬಿಸಿಲು ಬೀಳುವ ಕಿಟಕಿಯ ಹತ್ತಿರ ನೇತು ಹಾಕಬೇಡಿ. ಕೇಬಲ್ಲನ್ನು ಕಪ್ಪಿನ ಸುತ್ತ ಬಿಗಿಯಾಗಿ ಸುತ್ತಿಡುವ ಅಭ್ಯಾಸ ಬಿಡಿ. ಜಿನುಗುವ ಪ್ಲಾಸ್ಟಿಸೈಜರ್ ಪಕ್ಕದ ಪ್ಲಾಸ್ಟಿಕ್ಕನ್ನು ನಿಧಾನಕ್ಕೆ ಕರಗಿಸುತ್ತದೆ. ಒಂದೆರಡು ವರ್ಷ ಬಿಟ್ಟು ಬಿಚ್ಚಿದರೆ ಕಪ್ಪಿನ ಮೇಲೆ ವೈರಿನ ಅಚ್ಚು ಕೂತಿರುತ್ತದೆ, ಯಾವ ಪಾಲಿಶ್ ಹಾಕಿದರೂ ಹೋಗುವುದಿಲ್ಲ. ವೈರನ್ನು ಸಡಿಲವಾಗಿ ಸುತ್ತಿ, ಕಾಗದದ ಲಕೋಟೆಯಲ್ಲಿ ಹಾಕಿ ಬೇರೆಯೇ ಇಡಿ. ಎಚ್‌ಡಿ 414ರದ್ದಾದರೆ ಕಿತ್ತೇ ಇಡಬಹುದು.